ಆರನೆಯ ಫಾರಂ

ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಮೂವತ್ತು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ಪುಟವಾಗುವಂತೆ ಮಡಚಿದ ಹಾಳೆಗೆ ಅಲ್ಲಿ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಒಂದೇ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿಯುವುದು ಅವಳ ಕೆಲಸ.

ಬಟ್ಟೆ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಅವಳ ಸೂಜಿಗೆ ಬಿಡುವಿರಲಿಲ್ಲ. ಕಾದಂಬರಿ, ನಾಟಕ, ಪದ್ಯ, ಒಂದಾದ ಮೇಲೊಂದು. ಸಂಬಳದ ದಿನ ಗಿರಣಿಯವರು ಸಾಲಾಗಿ ಬಂದು ಕೊಳ್ಳುತ್ತಿದ್ದರು. ಗಿರಣಿಗೆ ಬೀಗ ಬಿತ್ತು. ಹೊಟ್ಟೆಗೇ ಇಲ್ಲದವರು ಕಥೆ ಎಲ್ಲಿ ಕೊಂಡಾರು? ಆಗ ಮುದ್ರಣಾಲಯದ ಕೈಹಿಡಿದದ್ದು ಧರ್ಮಸಂಘ. ಪುಕ್ಕಟೆ ಹಂಚಲು ಪ್ರಾರ್ಥನೆ ಪುಸ್ತಕ, ಉಪದೇಶದ ಪುಸ್ತಕ, ವರ್ಷವಿಡೀ ಅದೇ. ಬರೆಯುವವರೂ ಬಣ್ಣ ಬದಲಿಸಿದರು. ನಿನ್ನೆ ಮುಷ್ಕರದ ನಾಟಕ ಬರೆದವನು ಇವತ್ತು ಸಹನೆಯ ಮಹಿಮೆ ಬರೆದ. ಥೂ! ಹೊಟ್ಟೆಪಾಡು ಎನ್ನಲಿ, ಒಪ್ಪೋಣ. ಅದನ್ನೇ ಸಾಹಿತ್ಯ ಎಂದು ಸನ್ಮಾನ ಬೇರೆ ಮಾಡಿಸಿಕೊಂಡನಲ್ಲ!

ಬಗ್ಗದೆ ಉಳಿದವನು ಒಬ್ಬನೇ, ಗಿರಣಿಯ ಮುದುಕ ಫಿಟ್ಟರ್. ಎಂಟು ವರ್ಷ ಕೂತು ಗಿರಣಿಯ ಕಾದಂಬರಿ ಬರೆದು, ತಾನೇ ದುಡ್ಡು ಹಾಕಿ ಅಚ್ಚಿಗೆ ಕೊಟ್ಟ. ಅದರ ಆರನೆಯ ಫಾರಂನಲ್ಲಿ ಸೂಜಿಯಕ್ಕನ ಗಂಡನಿದ್ದ. ಬೀಗ ಬಿದ್ದ ವರ್ಷ, ಜ್ವರದಲ್ಲಿ ಸುಡುತ್ತಾ, ಎರಡು ಹಿಡಿ ಧಾನ್ಯಕ್ಕಾಗಿ ಧರ್ಮಸಂಘದ ಪ್ರಾರ್ಥನಾ ಮಂದಿರದ ಗೇಟಿನ ಮುಂದೆ ಎರಡು ದಿನ ನಿಂತವನು. ಹಸಿವು ಪಾಪದ ಫಲ ಎಂದು ಒಳಗೆ ಗುರುಗಳು ಉಪದೇಶ ಮಾಡುತ್ತಿದ್ದರು. ಗೇಟು ತೆಗೆಯಲಿಲ್ಲ. ಅವನು ಅಲ್ಲೇ ಸತ್ತ. ಊರಿನ ಯಾವ ಕಾಗದದಲ್ಲೂ ಈ ಸಾವು ಹೇಗಾಯಿತೆಂದು ಬರೆದಿರಲಿಲ್ಲ. ಆ ಹದಿನಾರು ಪುಟದಲ್ಲಿತ್ತು, ಅಷ್ಟೆ.

ಹಾಳೆಗಳು ಅಚ್ಚಾಗಿ ಬಂದ ದಿನ ಮುದ್ರಣಾಲಯದ ಯಜಮಾನ ಅವಳ ಕೋಣೆಗೆ ಬಂದ.

"ಅಕ್ಕಾ, ಆರನೇ ಫಾರಂ ಬಿಟ್ಟು ಹೊಲಿ. ಸಂಘದ ಕಾರ್ಯದರ್ಶಿ ನೋಡಿಬಿಟ್ಟಿದ್ದಾರೆ."

"ಫಿಟ್ಟರಣ್ಣಂಗೆ ಹೇಳಿದ್ರಾ?"

"ಪುಸ್ತಕ ಕೈಗೆ ಬಂದ್ಮೇಲೆ ತಾನೇ ನೋಡ್ಕೋತಾನೆ."

"ನಡುವೆ ಹದಿನಾರು ಪುಟ ಹಾರಿಸಿದ್ರೆ ಓದೋರು ಏನಂತಾರೆ ಯಜಮಾನ್ರೆ?"

"ಓದೋರು ಎಲ್ಲಿದ್ದಾರಕ್ಕಾ ಈಗ? ಸುಮ್ನೆ ತಲೆ ತಿನ್ಬೇಡ. ಅದನ್ನ ರದ್ದಿಗೆ ಹಾಕು."

ಅವಳ ಮೈಯೆಲ್ಲ ಉರಿದುಹೋಯಿತು. ದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬೆಳಿಗ್ಗೆ ಕೈಮುಗಿಯದೆ ನೀರೂ ಮುಟ್ಟಿದವಳಲ್ಲ. ಗಂಡನ ಮುಖಕ್ಕೆ ಗೇಟು ಹಾಕಿದವರು ಈಗ ಅವನ ಕಥೆಗೂ ಹಾಕಲು ಹೊರಟಿದ್ದಾರಲ್ಲ, ಆ ಸಿಟ್ಟು. ಪಕ್ಕದಲ್ಲೇ ಪ್ರಾರ್ಥನೆ ಪುಸ್ತಕದ ಫಾರಂಗಳ ರಾಶಿ ಬಿದ್ದಿತ್ತು. ಅಳತೆ ಒಂದೇ, ಕಾಗದ ಒಂದೇ. ಹಲ್ಲು ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದಳು.

ಪ್ರಾರ್ಥನೆ ಪುಸ್ತಕ ಹಂಚಿಯಾದ ಮುಂದಿನ ವಾರ ಕಾರ್ಯದರ್ಶಿ ಕೆಂಡಾಮಂಡಲವಾಗಿ ನುಗ್ಗಿದ. ತುಂಬಿದ ಸಭೆಯಲ್ಲಿ ಜನ ಪುಸ್ತಕ ಹಿಡಿದು ರಾಗವಾಗಿ ಓದುತ್ತಿದ್ದರಂತೆ. ಪುಟ ತಿರುಗಿಸಿದವರು ಗೇಟಿನ ಮುಂದೆ ನಿಂತವನ ಕಥೆಯನ್ನೂ ಅದೇ ರಾಗದಲ್ಲಿ ಓದಿಬಿಟ್ಟರು. ಎರಡು ಪುಟ ಮುಗಿಯುವವರೆಗೆ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೂ ಗಿರಣಿಯ ಹಳಬರು ನಿಲ್ಲಿಸಲಿಲ್ಲ. ಕೊನೆಗೆ ಗುರುಗಳೇ ಎದ್ದು ಹೋದರು.

"ಕೈತಪ್ಪಿ ಆಯ್ತು ಅಂತ ಹೇಳಕ್ಕಾ," ಎಂದು ಯಜಮಾನ ಅಂಗಲಾಚಿದ.

"ಕೈತಪ್ಪೂ ಇಲ್ಲ, ಕಣ್ತಪ್ಪೂ ಇಲ್ಲ. ಬೇಕಂತಲೇ ಹೊಲಿದೆ. ಆ ಗೇಟಲ್ಲಿ ಸತ್ತಿದ್ದು ನನ್ನ ಗಂಡ. ಅದರಲ್ಲಿ ಒಂದು ಸಾಲು ಸುಳ್ಳಿದ್ರೆ ತೋರಿಸ್ಲಿ ಇವರು!"

ಕಾರ್ಯದರ್ಶಿ ಅವಳ ಮುಖ ನೋಡಲಿಲ್ಲ. "ಆ ಪುಟ ಕಿತ್ತು ಹಾಕ್ಸಿ ಮೊದಲು," ಎಂದು ಯಜಮಾನನಿಗೆ ಹೇಳಿದ.

"ಕೀಳಿ ಸ್ವಾಮಿ, ಧಾರಾಳವಾಗಿ ಕೀಳಿ. ಹೊಲಿಗೆ ಬಿಚ್ಚಿದ್ರೆ ನಿಮ್ಮ ಪ್ರಾರ್ಥನೆನೂ ಉದುರುತ್ತೆ."

ಅವತ್ತೇ ಅವಳ ಕೆಲಸ ಹೋಯಿತು. ಹಳೆಯದು ಕೊಡಿ, ಹೊಸದು ಕೊಡುತ್ತೇವೆ ಎಂದು ಸಂಘ ಮನೆಮನೆಗೂ ಆಳು ಕಳಿಸಿತು. "ಎಲ್ಲಿಟ್ಟೆವೋ ಏನೋ, ಸಿಗ್ತಾನೇ ಇಲ್ಲ," ಎಂದು ಜನ ಬಾಗಿಲಲ್ಲೇ ಸಾಗಹಾಕಿದರು. ಹಂಚಿದ್ದು ಐನೂರು. ವಾಪಸ್ ಬಂದದ್ದು ಹನ್ನೊಂದು.