ತೊಟ್ಟಿಲ ಚೀಟಿ ಓದಿದ ಬೋರಮ್ಮ

ಒಂಟಿಕೊಪ್ಪಲಿನ ಆ ಹೆರಿಗೆ ಆಸ್ಪತ್ರೆಯಲ್ಲಿ ಕೂಸು ಅತ್ತ ಕೂಡಲೇ ಎಲ್ಲರಿಗಿಂತ ಜೋರಾಗಿ "ಉಸ್ಸಪ್ಪಾ" ಎನ್ನುತ್ತಿದ್ದವಳು ಹೆತ್ತ ತಾಯಿಯೂ ಅಲ್ಲ, ಡಾಕ್ಟರಮ್ಮನೂ ಅಲ್ಲ, ಆಯಾ ಬೋರಮ್ಮ. ಬೋಗಾದಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಪಡುವಾರಹಳ್ಳಿಗೆ ಬಂದು, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಸ್ವಾತಂತ್ರ್ಯ ಬಂದ ವರ್ಷ ಆಸ್ಪತ್ರೆ ಸೇರಿದಳು. ಅಲ್ಲಿಂದ ಹತ್ತು ಹನ್ನೆರಡು ವರ್ಷ ಎಷ್ಟು ಎಳೆಗೂಸುಗಳಿಗೆ ನೀರೆರೆದಳೋ, ಆ ಚಾಮುಂಡಿಗೇ ಗೊತ್ತು. ಸ್ವಂತದ್ದೊಂದು ಇಲ್ಲವೆಂಬ ಕೊರಗು ಅವಳಿಗಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೈಯಲ್ಲಿ ಕೂಸಿದ್ದಷ್ಟು ಹೊತ್ತು ಆ ಕೊರಗು ಹತ್ತಿರ ಸುಳಿಯುತ್ತಿರಲಿಲ್ಲ.

ಪ್ರತಿ ತೊಟ್ಟಿಲಿಗೂ ತಾಯಿಯ ಹೆಸರು ಬರೆದ ಚೀಟಿ ಕಟ್ಟುತ್ತಿದ್ದರು. ಬೋರಮ್ಮ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇದ್ದದ್ದೇ ಕೆಲವು ಹಾಸಿಗೆ. ಮೂಗು, ಕಿವಿ, ಅಳುವ ದನಿಯ ಮೇಲೇ ಯಾರ ಕೂಸೆಂದು ಹೇಳಿಬಿಡುತ್ತಿದ್ದಳು. ಅವಳಿಗೆ ಓದು ಬಾರದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಕೇರಿಯ ವಯಸ್ಕರ ಶಾಲೆಯಲ್ಲಿ ಅವಳು ಕಾಗುಣಿತ ಹೇಳಿದ್ದನ್ನು ಕೇರಿಗೆ ಕೇರಿಯೇ ಕೇಳಿತ್ತು! "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಎಂದು ಶುರುಮಾಡಿ ಕೊನೆಯ ಅಕ್ಷರದವರೆಗೂ ಸೋಬಾನೆಯ ರಾಗದಲ್ಲಿ, ಎಲ್ಲೂ ತಡವರಿಸದೆ ಹಾಡಿದ್ದಳು. ಶಿವಲಿಂಗಯ್ಯ ಮೇಷ್ಟ್ರು ಹಿಗ್ಗಿ, ತೆಂಗಿನಕಾಯಿ ಹೂವು ಕೊಟ್ಟು, "ಬೋರಮ್ಮ ಪಾಸು" ಎಂದು ಸಾರಿದ್ದರು. ಪಾಸಾದವಳಿಗೆ ಬಂದದ್ದು ಹಾಡು, ಓದಲ್ಲ. ಅಂಗಡಿಯ ಬೋರ್ಡು ಓದಲು ಹೋದರೆ ಒಂದೊಂದು ಅಕ್ಷರಕ್ಕೂ ಮೊದಲಿಂದ ರಾಗ ಹಿಡಿಯಬೇಕು. ಅವಳಿಗೆ 'ಮ' ಸಿಗುವಷ್ಟರಲ್ಲಿ ಹಿಂದಿನದು ಏನೆಂದು ಮರೆತೇ ಹೋಗಿರುತ್ತಿತ್ತು.

ಹೀಗಿರುವಾಗ ಆಸ್ಪತ್ರೆ ದೊಡ್ಡ ಕಟ್ಟಡಕ್ಕೆ ಹೋಗುವುದೆಂದಾಯಿತು. ಡಾಕ್ಟರಮ್ಮ ಆಯಾಗಳನ್ನೆಲ್ಲ ಕರೆದರು. "ಅಲ್ಲಿ ಕೂಸುಗಳಿಗೇ ಬೇರೆ ಕೋಣೆ. ಇನ್ಮೇಲೆ ಮುಖದ ಗುರುತು ಸಾಲದು, ಚೀಟಿ ಓದಿ ಮಗು ಎತ್ಕೋಬೇಕು. ಓದೋಕೆ ಬರದೋರು ಬಟ್ಟೆ ಒಗೆಯೋ ಕಡೆ ಇರ್ಲಿ. ಬೋರಮ್ಮ, ನೀನು ಪಾಸಾದೋಳು, ನಿಂಗೇನು ಯೋಚನೆ? ಆದ್ರೂ ಎಲ್ಲರ ಹತ್ರಾನೂ ಒಂದ್ಸಲ ಓದಿಸಿ ನೋಡ್ತೀನಿ" ಎಂದರು. ಬೋರಮ್ಮ ನಕ್ಕಳು. ನಕ್ಕದ್ದು ಮುಖ ಮಾತ್ರ. ಕೂಸುಗಳನ್ನು ಮುಟ್ಟದೆ ಒಗೆಯುವ ಕಲ್ಲಿನ ಮುಂದೆ ಮುದುಕಿಯಾಗುವುದೆಂದರೆ ಅವಳ ಪಾಲಿಗೆ ಬದುಕೇ ಮುಗಿದ ಹಾಗೆ.

ಆಗ ಅಲ್ಲಿ ಸರ್ವಮಂಗಳಾ ಎಂಬ ಬಾಣಂತಿಯಿದ್ದಳು. ಹುಡುಗಿಯರ ಶಾಲೆಯ ಟೀಚರು. ಹೆರಿಗೆ ಕಷ್ಟವಾಗಿ, ಮಂಚ ಬಿಟ್ಟೇಳಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆಯಾಗಿತ್ತು. ಮೈ ಮಲಗಿದರೂ ಟೀಚರ ಬಾಯಿ ಮಲಗೀತೇ? ಮಧ್ಯಾಹ್ನ ಕೂಸನ್ನು ತಂದುಕೊಟ್ಟ ಬೋರಮ್ಮನಿಗೆ ತೊಟ್ಟಿಲ ಚೀಟಿ ತೋರಿಸಿ, "ನನ್ನ ಹೆಸರು ಸರಿಯಾಗಿ ಬರೆದಿದ್ದಾರಾ, ನೋಡಿ ಹೇಳಿ" ಅಂದಳು. ಬೋರಮ್ಮನ ತುಟಿ ಸದ್ದಿಲ್ಲದೆ ಅಲುಗತೊಡಗಿತು. ಇಂಥ ತುಟಿಗಳನ್ನು ಟೀಚರು ತರಗತಿಯಲ್ಲಿ ಬೇಕಾದಷ್ಟು ಕಂಡಿದ್ದಳು.

"ಬೋರಮ್ಮ, ಕಾಗುಣಿತ ಹಾಡ್ಕೊಳ್ತಾ ಇದ್ದೀರಾ?"

ಬೋರಮ್ಮ ನೆಲಕ್ಕೆ ಕುಸಿದು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಯಾರ್ಗೂ ಹೇಳ್ಬ್ಯಾಡಿ ಟೀಚರಮ್ಮ. ನಂಗೆ ಹಾಡಕ್ಕೆ ಬತ್ತದೆ, ಓದಕ್ಕೆ ಬರಕ್ಕಿಲ್ಲ." ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಷ್ಟು ಹಗುರವಾಗಿತ್ತು.

ಸರ್ವಮಂಗಳಾ ನಗಲಿಲ್ಲ. "ತಲಕಟ್ಟು, ಗುಡಿಸು, ಕೊಂಬು ಇವೆಲ್ಲ ಅಕ್ಷರದ ಒಡವೆ ಹೆಸರು ಕಣ್ರೀ. ಒಡವೆ ಹೆಸರು ಹಿಡಿದು ಕೂಗಿದ್ರೆ ಹುಡುಗಿ ಓಗೊಡ್ತಾಳಾ? ಅಕ್ಷರದ ಸದ್ದು ಹಿಡೀರಿ. ಕೂಸಿಗೆ ಉಚ್ಚೆ ಹೊಯ್ಸುವಾಗ ಏನಂತೀರಿ?"

"ಸ್ಸ್... ಅಂತೀನಿ."

"ಅದೇ 'ಸ'. ಈಗ ತುಟಿ ಎರಡೂ ಸೇರಿಸಿ ಮೂಗಿನಲ್ಲಿ ಸದ್ದು ಮಾಡಿ, ಆಮೇಲೆ ತುಟಿ ಬಿಡಿ."

"ಮ" ಎಂದಳು ಬೋರಮ್ಮ, ಅನುಮಾನದಿಂದ.

ಸ್ಲೇಟು ಬಂತು. ಸ, ರ, ಮ, ಮೂರೇ ಅಕ್ಷರ. ಒಂದರ ಸದ್ದು ಆರುವ ಮೊದಲೇ ಇನ್ನೊಂದನ್ನು ಸೇರಿಸಬೇಕು ಅಂದಳು ಟೀಚರು. ಸ, ರ... ಸರ. ಹಿಂದುಮುಂದು ಮಾಡಿದರೆ ರಸ. ಆಮೇಲೆ ಮ, ರ... "ಅಯ್ಯೋ ಶಿವನೇ, ಮರ! ಮೊದ್ಲಿಂದ ಹಾಡ್ದೇನೇ ನೆಟ್ಟಗೆ ಮರಕ್ಕೇ ಬಂದ್ಬುಟ್ನಲ್ಲಾ!" ಎಂದು ಬೋರಮ್ಮ ಕೂಗಿದ್ದಕ್ಕೆ ಪಕ್ಕದ ತೊಟ್ಟಿಲಿನ ಕೂಸು ಬೆಚ್ಚಿ ಅಳತೊಡಗಿತು.

ಅಂದಿನಿಂದ ದಿನಾ ಮಧ್ಯಾಹ್ನ ಪಾಠ. ಕೊಂಬು ಬಂದರೆ ತುಟಿ ದುಂಡಗೆ, ಗುಡಿಸು ಬಂದರೆ ಹಲ್ಲು ಹೊರಗೆ. ಬಾಯಿ ನೋಡಿಯೇ ಕೂಸಿನ ಹಸಿವು ತಿಳಿಯುತ್ತಿದ್ದವಳಿಗೆ ಈ ಬಾಯಿಯ ಪಾಠ ಬೇಗ ಹತ್ತಿತು. ಒತ್ತಕ್ಷರ ಮಾತ್ರ ಜೀವ ಹಿಂಡಿತು. ಹಳೆಯ ರಾಗವೂ ಸುಲಭಕ್ಕೆ ಬಿಡಲಿಲ್ಲ, ಸುಸ್ತಾದಾಗಲೆಲ್ಲ ತಾನಾಗಿ ನಾಲಗೆಗೆ ಬರುತ್ತಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವವರು ಬಂದು ನೋಡಬೇಕಿತ್ತು. ಮರ ಕಿರುಗುಟ್ಟುತ್ತಲೇ ಬಗ್ಗಿತು. ಮನೆಗೆ ಹೊರಟ ದಿನ ಸರ್ವಮಂಗಳಾ, "ರಾಗ ಬಂದ್ರೆ ಬಾಯಿ ಮುಚ್ಚಿ ನಿಂತ್ಬಿಡಿ. ಮತ್ತೆ ಸದ್ದಿನಿಂದ ಶುರು ಮಾಡಿ" ಎಂದು ಹೇಳಿ ಜಟಕಾ ಹತ್ತಿದಳು.

ಹೊಸ ಕಟ್ಟಡದಲ್ಲಿ ಮೊದಲ ಬೆಳಗ್ಗೆಯೇ ಡಾಕ್ಟರಮ್ಮ ಬೋರಮ್ಮನ ಕೈಗೆ ಒಂದು ಕೂಸನ್ನೂ ಅದರ ತೊಟ್ಟಿಲ ಚೀಟಿಯನ್ನೂ ಕೊಟ್ಟರು. ಆ ದಿನ ಅವಳು ಕೆಲಸಕ್ಕೆ ಬರುವ ಮೊದಲೇ ಹುಟ್ಟಿದ್ದು. ತಾಯಿ ಯಾರೆಂದು ಅವಳಿಗೆ ಗೊತ್ತಿಲ್ಲ.

"ಚೀಟಿ ಓದ್ಕೋ. ಮಂಚದ ಮೇಲೂ ಹೆಸರಿದೆ. ಅವರಮ್ಮನಿಗೆ ಕೊಟ್ಟು ಬಾ. ನಾನು ಹಿಂದೇನೇ ಇರ್ತೀನಿ."

ಚೀಟಿ ನೋಡಿದ್ದೇ ತಡ, "ಕ ತಲಕಟ್ಟು" ಗಂಟಲಿಗೆ ಬಂತು. ಬೋರಮ್ಮ ಬಾಯಿ ಮುಚ್ಚಿ ನಿಂತಳು. ಡಾಕ್ಟರಮ್ಮನೂ ನಿಂತರು. ಆಮೇಲೆ ಅವಳ ತುಟಿ ಮೆಲ್ಲನೆ ದುಂಡಗಾಯಿತು. ಒಂದು ಸದ್ದು, ಅದಕ್ಕೆ ಅಂಟಿಕೊಂಡು ಇನ್ನೊಂದು. ಮೊದಲ ಮಂಚದಲ್ಲಿ ಸರೋಜಮ್ಮ ಎಂದಿತ್ತು. ಆ ಬಾಣಂತಿ ಆಸೆಯಿಂದ ಕೈ ಚಾಚಿದಳು. ಬೋರಮ್ಮ ಚೀಟಿಯನ್ನೂ ಮಂಚವನ್ನೂ ಎರಡೆರಡು ಸಲ ಓದಿ, "ಇದು ನಿಂದಲ್ಲ ಕಣವ್ವ, ನಿಂದೂ ತತ್ತೀನಿ" ಎಂದು ಮುಂದೆ ನಡೆದಳು. ಕಿಟಕಿಯ ಪಕ್ಕದ ಮಂಚಕ್ಕೆ ಬಂದು, ಓದಿ, ಕೂಸನ್ನು ಮಡಿಲಲ್ಲಿಟ್ಟಳು.

ಚೊಚ್ಚಲ ಬಾಣಂತಿ ಹೆದರಿದ್ದಳು. "ನಂದೇನಾ ಆಯಾ? ಇಷ್ಟೊಂದು ಕೂಸ್ಗಳೊಳಗೆ ನಿಮ್ಗೆಂಗೆ ಗೊತ್ತಾಯ್ತು?"

"ನಿಂದೇ ಕಣವ್ವಾ ಸುಂದರಮ್ಮ" ಎಂದಳು ಬೋರಮ್ಮ. ಕಣ್ಣು ತುಂಬಿ ಬಂದಿತ್ತು. "ಓದ್ಕಂಡೇ ಬಂದಿವ್ನಿ."

ಡಾಕ್ಟರಮ್ಮ ಒಳಗೆ ಹೋಗಿ, ಇನ್ನೊಂದು ಕೂಸನ್ನು ತಂದು ಅವಳ ಕೈಗಿಟ್ಟರು.