ತಂಗಿಯ ರಕ್ತಪರೀಕ್ಷೆ, ನನ್ನ ಹೊಟ್ಟೆಕಿಚ್ಚು

ಮೊದಲು ಗಮನಿಸಿದವಳು ನಾನೇ. ತಮ್ಮನ ಮೇಲಿನ ಪ್ರೀತಿಯಿಂದ ಅಂತ ಹೇಳಿಕೊಳ್ಳಬಹುದಿತ್ತು. ಗಮನಿಸಿದ್ದು ಮಾತ್ರ ಹೊಟ್ಟೆಕಿಚ್ಚಿನಿಂದ.

ನಾನು ಕಾಲೇಜು ಸೇರುವ ವಯಸ್ಸಿನಲ್ಲಿ ಅವ್ವನಿಗೆ ಅಭಿ ಹುಟ್ಟಿದ. ಇಬ್ಬರು ಹೆಣ್ಣುಮಕ್ಕಳಾಗಿ ಎಷ್ಟೋ ವರ್ಷದ ಮೇಲೆ ಗಂಡು. ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯ ವಳಸಂಗದ ನಮ್ಮ ಮನೆಯಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಢಾಲುಗಳು ಕಪಾಟಿನಿಂದ ಇಳಿದವು. ಆ ಜಾಗಕ್ಕೆ ಅವನ ಪೌಡರ್ ಡಬ್ಬಿ, ಹಾಲಿನ ಬಾಟಲಿ ಬಂದವು. ಯಾರ ಮೇಲೆ ಕಿಚ್ಚಿರುತ್ತದೋ ಅವರನ್ನು ಮನುಷ್ಯ ಎವೆಯಿಕ್ಕದೆ ನೋಡುತ್ತಾನೆ. ಅದಕ್ಕೇ ನನಗೆ ಕಂಡಿತು. ಅಭಿ ಯಾರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ. ಖುಷಿಯಾದರೂ ಹೆದರಿದರೂ ಎರಡೂ ಕೈ ಪಟಪಟ ಬಡಿಯುತ್ತಿದ್ದ. ಮಿಕ್ಸರ್ ಹಾಕಿದರೆ ತನ್ನ ಮುಂಗೈ ತಾನೇ ಕಚ್ಚಿಕೊಳ್ಳುತ್ತಿದ್ದ. ಓಣಿಯ ಅವನ ವಯಸ್ಸಿನ ಹುಡುಗರು ಅಂಗನವಾಡಿಯ ಹಾಡು ಹೇಳುವಾಗಲೂ ಇವನ ಬಾಯಲ್ಲಿ "ಬಾ" ಬಿಟ್ಟರೆ ಮಾತಿಲ್ಲ.

"ಗಂಡುಹುಡುಗರು ತಡಾ ಮಾತಾಡ್ತಾವ," ಅಂದಳು ಅವ್ವ. "ನೀ ತೊಟ್ಟಲದಾಗಿಂದ ವಾದಾ ಮಾಡಾಕತ್ತೀದಿ. ಅದಕ್ಕ ನಿನಗ ಎಲ್ಲಾರೂ ಮೂಕರ ಕಾಣ್ತಾರ."

ಅವ್ವನ ತವರು ಅಕ್ಕಲಕೋಟ. ಗುರುವಾರ ಬಂತೆಂದರೆ ಅಭಿಯನ್ನು ಎತ್ತಿಕೊಂಡು ಅಲ್ಲಿಯ ಮಠಕ್ಕೆ ಹೋಗುತ್ತಿದ್ದಳು. ಗದ್ದಲಕ್ಕೆ ಅವನು ಕಿರುಚುತ್ತಿದ್ದ. ಪ್ರಸಾದದಿಂದ ಮಾತು ಬರುತ್ತದೆ ಎನ್ನುವುದಕ್ಕೆ ಆಧಾರವೇನು ಅಂತ ನಾನು ಪ್ರತಿ ವಾರ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅವಳ ನಂಬಿಕೆಯ ಮೇಲೂ ನನಗೆ ಕಿಚ್ಚಿತ್ತು. ಗುರುವಾರ ಸಂಜೆ ಅವಳ ಮುಖ ಹಗುರಾಗಿರುತ್ತಿತ್ತು. ನನ್ನ ಅನುಮಾನಕ್ಕೆ ರಜೆಯೇ ಇರಲಿಲ್ಲ.

ಕೊನೆಗೆ ಸೋಲಾಪುರದ ಮಕ್ಕಳ ನರರೋಗದ ಡಾಕ್ಟರ್ ಬಳಿ ಕರೆದುಕೊಂಡು ಹೋದೆವು. ವಿಜಯಪುರ ಕಡೆಯ ಹೆಣ್ಣುಮಗಳು. ಅಭಿಯ ಉದ್ದ ಮುಖ, ದೊಡ್ಡ ಕಿವಿ ನೋಡಿದರು. ರಕ್ತ ಪುಣೆಗೆ ಹೋಯಿತು. ಕಾದೆವು. ರಿಪೋರ್ಟ್ ಬಂತು.

ಫ್ರ್ಯಾಜೈಲ್ ಎಕ್ಸ್ ಸಿಂಡ್ರೋಮ್.

ಅಪ್ಪ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಮೂರನೆಯ ಸಲ ಕೇಳಲು ನಾಚಿದರು.

ಡಾಕ್ಟರ್ ತಾಳ್ಮೆಯಿಂದ ಹೇಳಿದರು. "ಜೀನ್ ಅಂದ್ರ ಮೂಲ ಪ್ರತಿ. ಆರ್‌ಎನ್‌ಎ ಅಂದ್ರ ಅದರ ನಕಲು. ಆ ನಕಲು ಓದಿ ಜೀವಕೋಶ ಪ್ರೊಟೀನ್ ತಯಾರು ಮಾಡ್ತದ. ಆದ್ರ ಯಾವ ನಕಲು ಯಾವಾಗ ಓದಬೇಕು? ಅದನ್ನ ನೋಡ್ಕೊಳ್ಳಾಕ ಬ್ಯಾರೆ ಪ್ರೊಟೀನ್‌ಗಳು ಅದಾವ. ಹೋಗಿ ಆರ್‌ಎನ್‌ಎಗೆ ಅಂಟಿಕೊಂಡು, 'ಈಗಲ್ಲ, ತಡಿ' ಅಂತಾವ. ಅದರಾಗ ಒಂದು ನಿಮ್ಮ ಹುಡುಗನ ಮೈಯಾಗ ತಯಾರ ಆಗವಲ್ದು. ಅದರ ಜೀನ್ ಮುಚ್ಚಿ ಹೋಗೇದ."

ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸುವ ಒಬ್ಬರಿರುತ್ತಾರೆ. ವಿಷಯ ಗೊತ್ತಿರಬೇಕಿಲ್ಲ, ಮಾತಾಡಬೇಕಿಲ್ಲ. ಆದರೆ ಆ ಕುರ್ಚಿ ಖಾಲಿಯಾದರೆ ಎಲ್ಲರೂ ಒಟ್ಟಿಗೆ ಎದ್ದು ಕೂಗುತ್ತಾರೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಅಭಿಯ ನರಕೋಶಗಳು ಬೆಳೆದು ಒಂದಕ್ಕೊಂದು ಕೈ ಚಾಚುವಾಗ, ಗಂಟೆಯವನಿಲ್ಲದ ಆ ಸಭೆ ನಡೆದೇ ಇತ್ತು. ಮಿಕ್ಸರ್ ಸದ್ದು ನಮಗೆ ಒಂದು ಸದ್ದು. ಅವನಿಗೆ ಅದು ಏನಾಗಿ ಕೇಳುತ್ತಿತ್ತೋ.

ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ವಕೀಲಬಾಯಿ, ನೀ ಅಂದದ್ದ ಖರೆ ಆತು. ಸಂಬಂಧದಾಗ ಮದಿವಿ ಆದದ್ದಕ್ಕ ಹಿಂಗಾತು."

ಅವ್ವ ಅಪ್ಪನ ಸೋದರತ್ತೆಯ ಮಗಳು. ನೆಂಟರೊಳಗೇ ಹೆಣ್ಣು ಕೊಟ್ಟು ಹೆಣ್ಣು ತರುವುದು ನಮ್ಮ ಒಕ್ಕಲು ಮನೆತನಗಳ ರೂಢಿ. ಲಾ ಕಾಲೇಜಿನಲ್ಲಿ ರಕ್ತಸಂಬಂಧದ ಮದುವೆ ನಿಲ್ಲಬೇಕು ಅಂತ ವಾದಿಸಿ ನಾನು ಗೆದ್ದಿದ್ದೆ. ಅದೇ ವಾದವನ್ನು ಊಟಕ್ಕೆ ಕೂತಾಗಲೆಲ್ಲ ಮನೆಯವರ ಮೇಲೆ ಹರಿಸಿದ್ದೆ.

"ಇದಕ್ಕೂ ಅದಕ್ಕೂ ಸಂಬಂಧ ಇಲ್ರಿ," ಅಂದರು ಡಾಕ್ಟರ್. "ಬ್ಯಾರೆ ಕೆಲವು ರೋಗಕ್ಕ ಆ ಮಾತು ಖರೆ. ಇದು ತಾಯಿಯ ಒಂದು ಎಕ್ಸ್ ಕ್ರೋಮೋಸೋಮ್‌ನಿಂದ ಬರ್ತದ. ಆಕಿ ಯಾರನ್ನ ಮದಿವಿ ಆದ್ರೂ ಬರ್ತಿತ್ತು. ಹೆಣ್ಣುಮಕ್ಕಳಿಗೂ ಅರ್ಧಕ್ಕರ್ಧ ಸಾಧ್ಯತೆ. ಇಬ್ಬರದೂ ಟೆಸ್ಟ್ ಮಾಡಿಸ್ರಿ."

ನಾನು ಅಲ್ಲೇ ತೋಳು ಚಾಚಿದೆ. ನನಗೆ ಇರಲಾರದು ಎಂಬ ಭರವಸೆ ಎಲ್ಲಿಂದ ಬಂದಿತ್ತೋ.

ನನಗೆ ಇತ್ತು.

ನನ್ನಲ್ಲಿ ಆ ಪ್ರೊಟೀನ್ ತಯಾರಾಗುತ್ತದೆ, ನಾನು ಆರಾಮಾಗಿದ್ದೇನೆ. ಆದರೆ ನನ್ನ ಒಂದು ಎಕ್ಸ್‌ನಲ್ಲಿ ಆ ಜೀನ್ ಬರೆದಿರುವ ಕೆಲವು ಅಕ್ಷರಗಳು ಬೇಕಾದ್ದಕ್ಕಿಂತ ಹೆಚ್ಚು ಸಲ ಮರುಕಳಿಸಿವೆ. ನನಗೆ ಮಗುವಾದರೆ ಆ ಮರುಕಳಿಕೆ ಇನ್ನೂ ಬೆಳೆದು, ಆ ಮಗುವಿನಲ್ಲಿ ಜೀನ್ ಮುಚ್ಚಿಹೋಗಬಹುದು. ನನ್ನಂಥವರಿಗೆ ಕ್ಯಾರಿಯರ್, ಅಂದರೆ ವಾಹಕರು, ಅನ್ನುತ್ತಾರೆ. ಮನೆಯಲ್ಲಿ ನನ್ನ ಮದುವೆಯ ಮಾತು ಅವತ್ತಿನಿಂದ ನಿಂತುಹೋಯಿತು. ನಾನೇ ಬೇಡ ಬೇಡ ಅಂತ ಜಗಳವಾಡುತ್ತಿದ್ದ ಮಾತು. ನಿಂತಮೇಲೆ ತಿಳಿಯಿತು, ಬೇಡ ಅನ್ನುವುದಕ್ಕೂ ಯಾರಾದರೂ ಕೇಳುತ್ತಿರಬೇಕು.

ತಂಗಿ ಪಲ್ಲವಿಗೆ ಆಗಲೇ ಮಂದ್ರೂಪದ ಹುಡುಗನ ಜೊತೆ ನಿಶ್ಚಯವಾಗಿತ್ತು. ಕಬ್ಬಿನ ಹೊಲ, ಒಳ್ಳೆಯ ಜನ, ನಮಗೆ ಹಳೆಯ ನೆಂಟಸ್ತನವಿಲ್ಲ. ಅವಳ ಟೆಸ್ಟ್ ಮಾತೆತ್ತಿದರೆ ಅಪ್ಪ ಕೈ ಅಲ್ಲಾಡಿಸುತ್ತಿದ್ದರು. "ಹೊರಗ ಕೊಡಾಕತ್ತೀವಲ್ಲ? ರಕ್ತ ಬ್ಯಾರೆ ಆತು. ಅಲ್ಲಿಗೆ ಮುಗೀತು. ಇದು ನೀನ ಹೇಳಿದ ಮಾತು." ಡಾಕ್ಟರ್ ಹೇಳಿದ್ದು ಅವರ ತಲೆಗೆ ಹತ್ತಲಿಲ್ಲ. ವರ್ಷಗಟ್ಟಲೆ ನಾನು ಹೊಡೆದ ಮೊಳೆ ಅಷ್ಟು ಗಟ್ಟಿಯಾಗಿ ಕೂತಿತ್ತು. ನನ್ನ ಜೀವನದಲ್ಲಿ ಇಷ್ಟು ಪೂರ್ತಿಯಾಗಿ ನಾನು ಯಾವ ವಾದವನ್ನೂ ಗೆದ್ದಿಲ್ಲ.

ಸೋಲಾಪುರದ ನವಿ ಪೇಠೆಯಲ್ಲಿ ಪಲ್ಲವಿಗೆ ಸೀರೆ ತೆಗೆಯಲು ಹೋದೆವು. ಅಂಗಡಿಯವನು ಒಂದೊಂದೇ ಬಿಚ್ಚಿ ಅವಳ ಹೆಗಲಿಗೆ ಹಾಕುತ್ತಿದ್ದ. ಬದನೆಕಾಯಿ ಬಣ್ಣದ್ದೊಂದು ಅವಳಿಗೆ ಎಷ್ಟು ಒಪ್ಪಿತೆಂದರೆ ನನಗೆ ಅಲ್ಲಿ ಕೂರಲಾಗಲಿಲ್ಲ. ಸೀರೆಗಾಗಿ ಅಲ್ಲ. ಅವಳಿಗೆ ಇನ್ನೂ ಗೊತ್ತಿಲ್ಲವಲ್ಲ, ಆ ಗೊತ್ತಿಲ್ಲದಿರುವಿಕೆಗಾಗಿ. ಅವಳಿಗೆ ಪಾರಾಗುವ ಅರ್ಧ ಸಾಧ್ಯತೆ ಇನ್ನೂ ಉಳಿದಿತ್ತು. ನನ್ನದು ಮುಗಿದಿತ್ತು.

ಹೊರಗೆ ಕಬ್ಬಿನಹಾಲಿನ ಗಾಡಿಯ ಹತ್ತಿರ ನಿಂತು ಹೇಳಿದೆ. "ಪಲ್ಲೂ, ಅಕ್ಷತಾ ಬೀಳೂದರೊಳಗ ಟೆಸ್ಟ್ ಮಾಡಿಸ್ಕೊ."

"ಯಾಕ?"

"ಗೊತ್ತಿದ್ರ ಮುಂದಿಂದು ನೋಡ್ಕೊಬಹುದು. ಬಸಿರಾದಾಗ ತಪಾಸಣಿ ಐತಿ, ಬ್ಯಾರೆ ದಾರಿ ಅದಾವ."

ಅವಳು ಲೋಟ ಕೆಳಗಿಟ್ಟಳು. "ಖರೆ ಹೇಳಕ್ಕಾ. ನಿನಗ ಬಂದೈತಿ, ನನಗೂ ಬರ್ಲಿ ಅಂತ ಹೌದಿಲ್ಲೊ?"

ಎದುರಾಳಿಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪ್ರಶ್ನೆಯನ್ನೇ ತಿರುಗಿಸಬೇಕೆಂದು ನಮಗೆ ಕಲಿಸಿದ್ದಾರೆ. ನಾನು ತಿರುಗಿಸಲಿಲ್ಲ.

"ಹೌದು," ಅಂದೆ. "ಹೊಟ್ಟಿಕಿಚ್ಚೈತಿ. ರಗಡ ಐತಿ. ಆದ್ರ ನನ್ನ ಹೊಟ್ಟಿಕಿಚ್ಚಿನಿಂದ ಡಾಕ್ಟರ್ ಹೇಳಿದ್ದು ಸುಳ್ಳಾಗಾಂಗಿಲ್ಲ. ನನ್ನ ಬೈ, ಎಷ್ಟರ ಬೈ. ಟೆಸ್ಟ್ ಮಾಡಿಸ್ಕೊ."

ವಾರದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ, "ನಾನ ಅವರಿಗೆ ಫೋನ್ ಮಾಡಿ ಎಲ್ಲಾ ಹೇಳೀನಿ," ಅಂದಳು. ಅವರು ಅಂದರೆ ಮಂದ್ರೂಪದ ಹುಡುಗ. "ಏನಂದ್ರು?" ಅಂದೆ. "ಟೆಸ್ಟ್ ಮಾಡಿಸು, ಏನರ ಬರ್ಲಿ, ಆಮ್ಯಾಲ ಇಬ್ಬರೂ ಕೂಡಿ ಡಾಕ್ಟರ್‌ನ ಕೇಳೂಣು ಅಂದ್ರು." ಇಬ್ಬರೂ ಕೂಡಿ. ಆ ಎರಡು ಪದಗಳ ಕಿಚ್ಚಿಗೆ ನಾನು ಅವತ್ತು ಊಟ ಬಿಟ್ಟೆ.

ರಿಪೋರ್ಟಿನ ದಿನ ನಾವಿಬ್ಬರೇ ಸೋಲಾಪುರಕ್ಕೆ ಹೋದೆವು. ಡಾಕ್ಟರ್ ಹಾಳೆ ತಿರುವಿದರು.

ಪಲ್ಲವಿಗೆ ಇಲ್ಲ.

ಅವಳು ಅಳತೊಡಗಿದಳು. ನಾನು ಗೋಡೆಯ ಮೇಲಿನ ಲಸಿಕೆಯ ಚಾರ್ಟು ನೋಡುತ್ತಿದ್ದೆ. ಸಂತೋಷ ಬಂತು. ಆದರೆ ಎರಡನೆಯದಾಗಿ ಬಂತು. ಮೊದಲು ಬಂದದ್ದು ಏನೆಂದು ಹೇಳಬೇಕಿಲ್ಲ. ಇಬ್ಬರೂ ಅದೇ ಅವ್ವನ ಹೊಟ್ಟೆಯಲ್ಲಿದ್ದವರು, ಅವಳು ಒಂದು ಎಕ್ಸ್ ಎತ್ತಿಕೊಂಡಳು, ನಾನು ಇನ್ನೊಂದು. ಇದರಲ್ಲಿ ನ್ಯಾಯ ಹುಡುಕುವುದೇ ತಪ್ಪು ಎಂದು ನನ್ನ ತರ್ಕ ಹೇಳುತ್ತದೆ. ತರ್ಕಕ್ಕೆ ಹೊಟ್ಟೆಯಿಲ್ಲ.

ಏಳುವಾಗ ಡಾಕ್ಟರ್ ಕೇಳಿದರು. "ನಿಮ್ಮ ಅವ್ವಗ ಅಕ್ಕತಂಗಿಯರು ಅದಾರೇನು? ಅವರಿಗೂ ತಿಳಸ್ರಿ."

ಅಕ್ಕಲಕೋಟದಲ್ಲಿ ಅವ್ವನ ತಂಗಿ, ನಮ್ಮ ಚಿಗವ್ವ ಇದ್ದಾಳೆ, ಅವಳ ಮಗಳಿಗೆ ಆಗಲೇ ಗಂಡು ನೋಡುತ್ತಿದ್ದಾರೆ. ನಮ್ಮೂರಿನ ಮೇಲೆ ಅಕ್ಕಲಕೋಟಕ್ಕೆ ಹೋಗುವ ಬಸ್ಸಿನಲ್ಲಿ ಪಲ್ಲವಿ ಕಿಟಕಿ ಕಡೆ ಕೂತಳು. ಈ ನಡುವೆ ಅಭಿ ಮಾತು ಕಲಿಸುವ ಥೆರಪಿಗೆ ಹೋಗುತ್ತಿದ್ದಾನೆ. ಮರಾಠಿ ಥೆರಪಿಸ್ಟ್ ನಮಗೆ "ಘರಾತ ಜೀ ಭಾಷಾ, ತೀಚ ಬೋಲಾ" ಅಂದಿದ್ದರು, ಮನೆಯ ಭಾಷೆಯಲ್ಲೇ ಮಾತಾಡಿ ಅಂತ. ಮೊನ್ನೆ ಅಭಿ ತಂಬಿಗೆ ತೋರಿಸಿ "ನೀರ" ಅಂದ. ವಾಸಿಯಾಗುವ ಕಾಯಿಲೆ ಇದಲ್ಲ. ಆದರೂ "ನೀರ" ಅಂದ. ಅಷ್ಟಕ್ಕೆ ನಾನು ಋಣಿ, ಯಾರಿಗೆ ಎಂದು ಗೊತ್ತಿಲ್ಲದಿದ್ದರೂ.

"ಚಿಗವ್ವಗ ನೀ ಹೇಳು," ಪಲ್ಲವಿಗೆ ಅಂದೆ. "ನೀ ಅಂದ್ರ ಆಕಿಗೆ ಜೀವ."

"ನಾ ಹೇಳಿದ್ರ, 'ತನಗ ಇಲ್ಲಲ್ಲ, ಅದಕ್ಕ ಹೇಳಾಕ ಬಂದಾಳ' ಅಂತಾಳ. ನೀನ ಹೇಳಬೇಕು."

"ನಾ ಹೇಳಿದ್ರ, 'ಹೊಟ್ಟಿಕಿಚ್ಚಿಗೆ ಹೇಳ್ತಾಳ' ಅಂತಾಳ."

"ಅನ್ಲಿ. ನನಗೂ ಹಂಗ ಅನಿಸಿತ್ತು. ಆದ್ರೂ ಟೆಸ್ಟಿಗೆ ತೋಳ ಚಾಚಿದ್ನಿಲ್ಲೊ?"

ವಳಸಂಗ ಬಂತು. ಕಂಡಕ್ಟರ್ ನಮ್ಮ ಕಡೆ ನೋಡಿದ. ನಾವು ಇಳಿಯಲಿಲ್ಲ.

"ಎರಡು ಅಕ್ಕಲಕೋಟ ಕೊಡ್ರಿ," ಅಂದೆ.