ಚಿಕ್ಕಮ್ಮ ಹೊಲಿದ ಬಿಸಿಲುಟೋಪಿ

ನನ್ನ ಚಿಕ್ಕಮ್ಮ ದರ್ಜಿ. ಹೊಲಿಯುವಾಗ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಅವಳ ಸಿಟ್ಟು, ಸಂತೋಷ ಎರಡೂ "ಹ್ಮ್" ಎಂದೇ ಹೊರಬೀಳುತ್ತವೆ.

ಚಿಕ್ಕಪ್ಪ ಮನೆಮನೆಗೆ ಪಾರ್ಸೆಲ್ ಹಂಚುವವರು. ಬೀದಿ ಸುತ್ತುವುದೆಂದರೆ ಅವರಿಗೆ ಪ್ರಾಣ. ಆದರೆ ಅವರ ಹಳೇ ಫೋನು ಚಾರ್ಜ್ ಮುಗಿದು ಮಧ್ಯಾಹ್ನಕ್ಕೇ ಕಣ್ಣು ಮುಚ್ಚುತ್ತಿತ್ತು, ಆಮೇಲೆ ಯಾರು ಕರೆದರೂ ಸಿಗುತ್ತಿರಲಿಲ್ಲ. "ಈ ವಾರವೂ ಹೀಗೇ ಆದ್ರೆ ಗೋಡೌನಲ್ಲಿ ಕೂತು ಚೀಟಿ ಅಂಟಿಸಿ" ಎಂದುಬಿಟ್ಟರು ಮೇಲ್ವಿಚಾರಕರು. ಪವರ್ ಬ್ಯಾಂಕುಗಳನ್ನು ಚಿಕ್ಕಪ್ಪ ಆಗಲೇ ಯಾರಯಾರದೋ ಜಗಲಿಯ ಮೇಲೆ ಮರೆತು ಬಂದಿದ್ದರು.

"ಮೈಗೇ ಹೊಲಿದುಬಿಟ್ರೆ ಎಲ್ಲಿ ಮರೀತೀರಾ?" ಎಂದಳು ಚಿಕ್ಕಮ್ಮ.

ತೋಟದಲ್ಲಿ ಕೆಟ್ಟುಹೋಗಿದ್ದ ದೀಪಗಳಿಂದ ಸೋಲಾರ್ ಫಲಕ ಬಿಚ್ಚಿ, ಒಂದು ಜಾಕೆಟ್ಟಿನ ಬೆನ್ನಿಗೂ ಭುಜಕ್ಕೂ ಹೊಲಿದಳು. ವೈರನ್ನು ಹೊಲಿಗೆಯೊಳಗೆ ಅಡಗಿಸಿ ಜೇಬಿಗೆ ಇಳಿಸಿದಳು. ಅಂಗಡಿಯ ಬೊಂಬೆಗೆ ತೊಡಿಸಿ ಮಹಡಿಯ ಮೇಲೆ ನಿಲ್ಲಿಸಿದಾಗ ಫೋನು ಸರಾಗವಾಗಿ ಚಾರ್ಜ್ ಆಯಿತು. ಚಿಕ್ಕಪ್ಪ ತೊಟ್ಟು ಹೊರಟರೆ ಮಾತ್ರ ಮಧ್ಯಾಹ್ನಕ್ಕೇ ಸತ್ತಿತು. ಬಿಚ್ಚಿ ನೋಡಿದಳು, ಎಲ್ಲ ಸರಿಯಾಗೇ ಇತ್ತು. ಮರುದಿನವೂ ಅದೇ ಕತೆ.

ಕೊನೆಗೆ ಅಂಗಡಿಗೆ ಬೀಗ ಹಾಕಿ ಗಂಡನ ಹಿಂದೆಯೇ ನಡೆದಳು. ಮರದ ನೆರಳಿನಿಂದ ಗೋಡೆಯ ನೆರಳಿಗೆ, ಅಲ್ಲಿಂದ ಅಂಗಡಿಗಳ ಚಾವಣಿಯಡಿಗೆ! ಸಾಲ ಕೊಟ್ಟವನನ್ನು ಕಂಡವರಂತೆ ಚಿಕ್ಕಪ್ಪ ಬಿಸಿಲಿನಿಂದ ತಪ್ಪಿಸಿಕೊಂಡು ಹೋಗುತ್ತಿದ್ದರು.

"ರೀ, ಬಿಸಿಲಿಗೆ ಬನ್ರೀ!"

"ನನ್ನ ಬೋಳುತಲೆ ಕಾದ ಕಾವಲಿ ಆಗುತ್ತೆ ಕಣೇ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಮೈ ಅಳತೆ ತಗೊಂಡೆ, ನಡಿಗೆ ಅಳತೆ ತಗೊಳ್ಳಲೇ ಇಲ್ಲ."

ಅವತ್ತೇ ಜಾಕೆಟ್ ಬಿಚ್ಚಿ, ಕಾಲರಿಗೆ ಹಾಕುವ ದಪ್ಪ ಬಟ್ಟೆಯಿಂದ ಅಗಲ ಅಂಚಿನ ಟೋಪಿ ಹೊಲಿದಳು. ಫಲಕಗಳೆಲ್ಲ ಮೇಲೆ ಹೋದವು, ವೈರು ಕುತ್ತಿಗೆಯ ಹಿಂದಿನಿಂದ ಜೇಬಿಗೆ ಇಳಿಯಿತು. ಅವುಗಳ ಕಾವು ತಲೆಗೆ ತಟ್ಟದಂತೆ ನಡುವೆ ಗಾಳಿಯಾಡಲು ಜಾಗ ಬಿಟ್ಟಳು. ಬಿಸಿಲು ಟೋಪಿಗೆ, ನೆರಳು ಚಿಕ್ಕಪ್ಪನಿಗೆ.

ಮರುದಿನ ಎದುರಿನ ಕ್ಷೌರದಂಗಡಿಯವನು ಬಿಡಲಿಲ್ಲ. "ಏನಣ್ಣಾ, ತಲೆ ಮೇಲೆ ಮನೆ ಕಟ್ಟಿಸಿದ್ಯಾ? ಬಾಡಿಗೆಗೆ ಕೊಡ್ತೀಯಾ?"

"ನಿನಗಂತೂ ಇಲ್ಲ. ನನ್ನ ತಲೆಯಲ್ಲಿ ನಿನಗೇನಪ್ಪಾ ಕೆಲಸ?" ಎಂದು ಚಿಕ್ಕಪ್ಪ ನಡುರಸ್ತೆಯಲ್ಲೇ ಠೀವಿಯಿಂದ ಹೊರಟರು.

ಸಂಜೆಯ ಹೊತ್ತಿಗೆ ಅಂಗಡಿಯ ಫೋನು ಬಡಿದುಕೊಂಡಿತು. ಚಿಕ್ಕಮ್ಮನ ಬಾಯಲ್ಲಿ ಸೂಜಿ, ಆ ಕಡೆ ಚಿಕ್ಕಪ್ಪನ ದನಿ.

"ಕೇಳಿಸ್ತಾ? ಮೇಲ್ವಿಚಾರಕ ಸಾಹೇಬರು ಫೋನ್ ಮಾಡಿದ್ರು. ಮೊದಲನೇ ರಿಂಗಿಗೇ ಎತ್ತಿದೆ! ಬೀದಿ ನಿಮಗೇ ಇರಲಿ ಅಂದ್ರು."

"ಹ್ಮ್" ಎಂದಳು ಚಿಕ್ಕಮ್ಮ.

"ನಗಬೇಡ ಕಣೇ, ಸೂಜಿ ನುಂಗಿಬಿಟ್ಟೀಯ."